ಅಂಗನವಾಡಿ ಎಲ್ಲಿ ಬೇಕೆಂದು ಕೇಳುವ ಮೊದಲು ಮಕ್ಕಳು ಎಲ್ಲಿದ್ದಾರೆಂದು ಎಣಿಸಿ

ಮಾನ್ಯ ಸಂಪಾದಕರೇ,

ಮುಂದಿನ ಐದಾರು ವರ್ಷಗಳಿಗೆ ಯಾವ ಊರಿಗೆ ಅಂಗನವಾಡಿ ಬೇಕು, ಎಲ್ಲಿ ಎಲ್‌ಕೆಜಿ-ಯುಕೆಜಿ ತೆರೆಯಬೇಕು, ಎಲ್ಲಿ ಕೂಸುಗಳನ್ನು ನೋಡಿಕೊಳ್ಳುವ ಕೇಂದ್ರ ಬೇಕು ಎಂಬುದನ್ನು ಗ್ರಾಮ ಪಂಚಾಯಿತಿಗಳು, ಪಟ್ಟಣ ಪಂಚಾಯಿತಿಗಳು ಮನೆಮಂದಿಯನ್ನು ಕೇಳಿಯೇ ತೀರ್ಮಾನಿಸಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಕೊಡಗಿನಲ್ಲಿ ಈ ಕೆಲಸ ಗ್ರಾಮಸಭೆಯಲ್ಲಿ ಕೈ ಎತ್ತಿಸುವಷ್ಟಕ್ಕೇ ನಿಂತರೆ ಸಿಗುವುದು ಅರ್ಧ ಉತ್ತರ. ಸಭೆಗೆ ಬರುವವರಲ್ಲಿ ಹೆಚ್ಚಿನವರು ಊರಲ್ಲಿ ಮನೆ, ತೋಟ ಇರುವವರು. ಅವರ ಮಕ್ಕಳಲ್ಲಿ ಬಹಳಷ್ಟು ಮಂದಿ ಈಗಾಗಲೇ ವ್ಯಾನ್ ಹತ್ತಿ ಗೋಣಿಕೊಪ್ಪ, ವಿರಾಜಪೇಟೆ, ಕುಶಾಲನಗರ, ಮಡಿಕೇರಿಯ ಖಾಸಗಿ ಶಾಲೆಗಳಿಗೆ ಹೋಗುತ್ತಿದ್ದಾರೆ. ಅಂಗನವಾಡಿಯನ್ನೇ ನಂಬಿಕೊಂಡ ಮಕ್ಕಳಿರುವುದು ತೋಟದ ಕಾರ್ಮಿಕರ ಸಾಲುಮನೆಗಳಾದ ಲೈನ್‌ಮನೆಗಳಲ್ಲಿ, ಆದಿವಾಸಿಗಳ ಹಾಡಿಗಳಲ್ಲಿ, ಪೈಸಾರಿ ಎನ್ನುವ ಸರ್ಕಾರಿ ಜಾಗದ ಕಾಲೊನಿಗಳಲ್ಲಿ. ಅವರ ತಾಯಂದಿರು ಸಭೆಯ ಹೊತ್ತಿಗೆ ತೋಟದಲ್ಲಿರುತ್ತಾರೆ.

ಜನಗಣತಿಯ ಅಂಕಿ ಹಿಡಿದು ಕೂತರೂ ಇದು ತಿಳಿಯದು. 2011ರಲ್ಲಿ ಕೊಡಗಿನ ಜನಸಂಖ್ಯೆ 5,54,519. ಅದರ ಹಿಂದಿನ ಹತ್ತು ವರ್ಷದಲ್ಲಿ ಏರಿದ್ದು ಶೇ 1ರಷ್ಟು ಮಾತ್ರ. 2021ರಲ್ಲಿ ಆಗಬೇಕಿದ್ದ ಗಣತಿ ಆ ವರ್ಷ ನಡೆಯಲಿಲ್ಲ. ಒಟ್ಟು ಸಂಖ್ಯೆ ನಿಂತಲ್ಲೇ ನಿಂತಂತೆ ಕಂಡರೂ ಮಕ್ಕಳಿರುವ ಜಾಗ ಬದಲಾಗಿದೆ. ಕೊಡವರ ಹಿರಿಯರ ಮನೆಗಳಾದ ಐನ್‌ಮನೆಗಳ ಸುತ್ತ ಮಕ್ಕಳ ಸದ್ದು ಕಡಿಮೆಯಾಗಿದೆ, ಲೈನ್‌ಮನೆಗಳಲ್ಲಿ ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡ್‌ನಿಂದ ಬಂದ ಕುಟುಂಬಗಳ ಮಕ್ಕಳಿದ್ದಾರೆ. 2018ರ ಆಗಸ್ಟ್‌ನ ಭೂಕುಸಿತದ ನಂತರ ಕೆಲವು ಊರುಗಳ ಕುಟುಂಬಗಳು ಪುನರ್ವಸತಿ ಬಡಾವಣೆಗಳಿಗೆ ಹೋದವು. ದಿಡ್ಡಳ್ಳಿ ಕಾಡಿನಿಂದ ತೆರವಾದ ಆದಿವಾಸಿ ಕುಟುಂಬಗಳು ಬಸವನಹಳ್ಳಿ, ಬ್ಯಾಡಗೊಟ್ಟಕ್ಕೆ ಬಂದವು. ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 300ರಿಂದ 800 ಜನರಿಗೆ ಒಂದು ಅಂಗನವಾಡಿ, 150ರಿಂದ 300 ಜನರಿಗೆ ಒಂದು ಮಿನಿ ಅಂಗನವಾಡಿ ಎಂಬ ಮಾನದಂಡವಿದೆ. ಆ ಮಾನದಂಡಕ್ಕೆ ಹಳೆಯ ಗಣತಿಯ ಅಂಕಿ ತುಂಬಿದರೆ ಮಕ್ಕಳಿಲ್ಲದ ಕಡೆ ಕಟ್ಟಡ ಏಳುತ್ತದೆ.

ಆದ್ದರಿಂದ ಅಭಿಪ್ರಾಯಕ್ಕೆ ಮೊದಲು ಹೆಸರುಪಟ್ಟಿ ಆಗಬೇಕು. ಪಟ್ಟಿಗೆ ಕಾನೂನಿನ ಬಲವೂ ಇದೆ. ಆರು ವರ್ಷದೊಳಗಿನ ಕನಿಷ್ಠ 40 ಮಕ್ಕಳಿದ್ದೂ ಅಂಗನವಾಡಿ ಇಲ್ಲದ ಜನವಸತಿಯವರು ಕೇಳಿದರೆ ಮೂರು ತಿಂಗಳೊಳಗೆ ಕೇಂದ್ರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2006ರ ಡಿಸೆಂಬರ್ 13ರಂದು ಆದೇಶಿಸಿದೆ. ‘ನಮ್ಮಲ್ಲಿ ತುಂಬಾ ಮಕ್ಕಳಿದ್ದಾರೆ’ ಎಂಬ ಅರ್ಜಿ ಕಡತದಲ್ಲೇ ಉಳಿಯುತ್ತದೆ. 40 ಮಕ್ಕಳ ಹೆಸರು, ಹುಟ್ಟಿದ ದಿನ, ತಾಯಿಯ ಹೆಸರು, ಈಗಿರುವ ಮನೆ ಬರೆದು ಕೊಟ್ಟ ಅರ್ಜಿಗೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಉತ್ತರ ಬರೆಯಲೇಬೇಕಾಗುತ್ತದೆ.

ಪಟ್ಟಿಯನ್ನು ಯಾವ ದಾಖಲೆಯಿಂದ ತೆಗೆಯಬೇಕು ಎಂಬಲ್ಲೇ ಮೊದಲ ಎಡವಟ್ಟು ಆಗುತ್ತದೆ. ಪಂಚಾಯಿತಿಯ ಜನನ ನೋಂದಣಿ ಪುಸ್ತಕ ಇದಕ್ಕೆ ಉಪಯೋಗವಿಲ್ಲ. ಜನನ ನೋಂದಣಿಯಾಗುವುದು ಹೆರಿಗೆಯಾದ ಜಾಗದಲ್ಲಿ. ಹೆರಿಗೆ ಮಡಿಕೇರಿಯಲ್ಲೋ ಮೈಸೂರಲ್ಲೋ ಆದರೆ ಮಗು ಊರಿನ ಪುಸ್ತಕದಲ್ಲಿ ಇರುವುದೇ ಇಲ್ಲ. ಬಸುರಿಯರಿಗೆ ಆರೋಗ್ಯ ಇಲಾಖೆ ಕೊಡುವ ತಾಯಿ ಕಾರ್ಡಿನ ಲೆಕ್ಕವೂ ಪೂರ್ತಿ ನಂಬುವಂತಿಲ್ಲ. ಬಸುರಿಯಾಗಿ ಒಂದು ಕಡೆ ಹೆಸರು ಬರೆಸಿ, ಹೆರಿಗೆಗೆ ತವರಿಗೆ ಹೋಗಿ, ಬಾಣಂತನ ಮುಗಿಸಿ ಮರಳುವಾಗ ಒಂದೇ ಮಗು ಎರಡು ಕಡೆ ಸೇರುವುದುಂಟು, ಎರಡೂ ಕಡೆ ಬಿಟ್ಟುಹೋಗುವುದೂ ಉಂಟು. ಇವೆರಡಕ್ಕಿಂತ ಗಟ್ಟಿಯಾದ ಲೆಕ್ಕ ಆರೋಗ್ಯ ಉಪಕೇಂದ್ರದ ಲಸಿಕೆ ಪುಸ್ತಕದಲ್ಲಿದೆ. ಮಗುವಿಗೆ ಒಂಬತ್ತು ತಿಂಗಳು ತುಂಬಿದಾಗ ದಡಾರ-ರುಬೆಲ್ಲಾದ ಮೊದಲ ಚುಚ್ಚುಮದ್ದು ಕೊಡುತ್ತಾರೆ. ಅಷ್ಟರಲ್ಲಿ ಬಾಣಂತನ ಮುಗಿದು ತಾಯಿ ತನ್ನ ಮನೆಯಲ್ಲಿ ನೆಲೆಯಾಗಿರುತ್ತಾಳೆ. ಆ ಲಸಿಕೆ ಪಡೆದ ಮಗು 27 ತಿಂಗಳ ನಂತರ ಮೂರು ವರ್ಷ ತುಂಬಿ ಅಂಗನವಾಡಿ ಬಾಗಿಲಿಗೆ ಬರುತ್ತದೆ. ಅಂದರೆ ಎರಡು ವರ್ಷ ಮುಂಚೆಯೇ ಬರುವ ಮಕ್ಕಳ ಹೆಸರು ನಮ್ಮ ಕೈಯಲ್ಲಿದೆ. ಆಶಾ ಕಾರ್ಯಕರ್ತೆ, ಉಪಕೇಂದ್ರದ ಸಿಸ್ಟರ್, ಅಂಗನವಾಡಿ ಕಾರ್ಯಕರ್ತೆ ಮೂವರೂ ಒಂದು ದಿನ ಕೂತು ಲಸಿಕೆ ಪುಸ್ತಕ, ಅಂಗನವಾಡಿಯವರ ಮೊಬೈಲ್ ಆ್ಯಪ್ ಆದ ಪೋಷಣ್ ಟ್ರ್ಯಾಕರ್, ಅಂಗನವಾಡಿಯ ಕುಟುಂಬ ಸಮೀಕ್ಷೆ ಪುಸ್ತಕ ತಾಳೆ ನೋಡಿದರೆ ಎರಡು ಬಾರಿ ಬಂದ ಹೆಸರೂ ಬಿಟ್ಟುಹೋದ ಹೆಸರೂ ಸಿಕ್ಕಿಬಿಡುತ್ತವೆ.

ಇನ್ನು ಕೊಠಡಿಯ ಅಳತೆ. ಸಾಮಾನ್ಯವಾಗಿ ಜೂನ್ ತಿಂಗಳ ಹಾಜರಿ ನೋಡಿ ಲೆಕ್ಕ ಹಾಕುತ್ತಾರೆ. ಅದು ವರ್ಷದ ಅತಿ ಕಡಿಮೆ ಸಂಖ್ಯೆ. ಒಂದು ಉದಾಹರಣೆ ತೆಗೆದುಕೊಳ್ಳಿ: ಒಂದು ಕೇಂದ್ರದ ವ್ಯಾಪ್ತಿಯಲ್ಲಿ ವರ್ಷಕ್ಕೆ 14 ಮಕ್ಕಳು ಹುಟ್ಟುತ್ತಾರೆ ಎನ್ನೋಣ. ಜೂನ್ 1ಕ್ಕೆ ಮೂರರಿಂದ ಆರು ವರ್ಷದ ಮಕ್ಕಳು 42. ಆರು ತುಂಬಿದವರು ಶಾಲೆಗೆ ಹೋಗುವುದು ಮುಂದಿನ ಜೂನ್‌ನಲ್ಲಿ. ಅಲ್ಲಿಯವರೆಗೆ ತಿಂಗಳಿಗೊಬ್ಬರು ಇಬ್ಬರಂತೆ ಮೂರು ತುಂಬಿದವರು ಸೇರುತ್ತಲೇ ಇರುತ್ತಾರೆ. ಮಾರ್ಚ್ ಕೊನೆಗೆ ಸಂಖ್ಯೆ 53 ದಾಟುತ್ತದೆ. ರೊಬಸ್ಟಾ ಕಾಫಿ ಕೊಯ್ಲಿಗೆ ಬಂದ ಕುಟುಂಬಗಳು ಇರುವುದೂ ಜನವರಿಯಿಂದ ಮಾರ್ಚ್‌ವರೆಗೆ. ಎರಡೂ ಒಂದೇ ಹೊತ್ತಿಗೆ ಬಂದು ಕೂಡುತ್ತವೆ. ಕೊಠಡಿ, ತಟ್ಟೆ, ಚಾಪೆ, ಶೌಚಾಲಯ ಎಲ್ಲದರ ಲೆಕ್ಕ ಮಾರ್ಚ್ ಸಂಖ್ಯೆಯ ಮೇಲೆ ಆಗಬೇಕು. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂಬ ನಿಯಮವನ್ನು 2025-26ರಲ್ಲಿ 5 ವರ್ಷ 5 ತಿಂಗಳಿಗೆ ಸಡಿಲಿಸಲಾಗಿತ್ತು. ಇಂಥ ಸಡಿಲಿಕೆ ಬಂದ ವರ್ಷ ಅಂಗನವಾಡಿ ಖಾಲಿಯಾದಂತೆ ಕಾಣುತ್ತದೆ, ನಿಯಮ ಬಿಗಿಯಾದ ವರ್ಷ ತುಂಬಿ ತುಳುಕುತ್ತದೆ. ಒಂದೇ ವರ್ಷದ ಹಾಜರಿ ತೋರಿಸಿ ಕೇಂದ್ರ ಮುಚ್ಚುವ, ಇನ್ನೊಂದಕ್ಕೆ ಸೇರಿಸಿಬಿಡುವ ಮಾತಾಡುವವರು ಇದನ್ನು ಗಮನಿಸಬೇಕು.

ರಾಷ್ಟ್ರೀಯ ಶಿಶು ಪಾಲನೆ ಮತ್ತು ಶಿಕ್ಷಣ ನೀತಿ (2013) 30 ಮಕ್ಕಳಿಗೆ ಕನಿಷ್ಠ 35 ಚದರ ಮೀಟರ್ ಕೊಠಡಿ, ಹೊರಗೆ 30 ಚದರ ಮೀಟರ್ ಆಟದ ಜಾಗ, ಮೂರು ವರ್ಷ ದಾಟಿದ 20 ಮಕ್ಕಳಿಗೆ ಒಬ್ಬ ದೊಡ್ಡವರು, ಮೂರರೊಳಗಿನ 10 ಮಕ್ಕಳಿಗೆ ಒಬ್ಬರು ಎನ್ನುತ್ತದೆ. ಮೇಲಿನ 53 ಮಕ್ಕಳಿಗೆ ಇದನ್ನು ಅನ್ವಯಿಸಿದರೆ ಎರಡು ಕೊಠಡಿ, ಮೂವರು ಬೇಕು. ಇರುವುದು ಒಂದು ಕೊಠಡಿ, ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಆ ಸಹಾಯಕಿಯೂ ಮಧ್ಯಾಹ್ನದವರೆಗೆ ಒಲೆ ಮುಂದೆ. ಇದನ್ನು ಸರಿಪಡಿಸದೆ ಫಲಕ ಬದಲಿಸಿ ಎಲ್‌ಕೆಜಿ ಎಂದು ಬರೆದರೆ ಮಕ್ಕಳಿಗೆ ಏನೂ ಸಿಗದು.

ಈಗ ಕೇಳುವ ಪ್ರಶ್ನೆಗಳಿಗೆ ಬರುತ್ತೇವೆ. ‘ನಿಮಗೆ ಎಲ್‌ಕೆಜಿ ಬೇಕೇ?’ ಎಂದು ಕೇಳಿದರೆ ಬೇಡ ಎನ್ನುವ ತಂದೆತಾಯಿ ಸಿಗರು. ಆ ಉತ್ತರದಿಂದ ಒಂದು ಬೆಂಚನ್ನೂ ಯೋಜಿಸಲಾಗದು. ಆಸೆಯನ್ನು ಕೇಳುವುದಕ್ಕಿಂತ ನಡೆಯುತ್ತಿರುವುದನ್ನು ಕೇಳಬೇಕು. ಕಳೆದ ವಾರ ಮಗು ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಎಲ್ಲಿತ್ತು, ಯಾರ ಜೊತೆ ಇತ್ತು? ಅಂಗನವಾಡಿಗೆ ಯಾರು ಬಿಡುತ್ತಾರೆ, ಯಾರು ಕರೆತರುತ್ತಾರೆ? ಕಳೆದ ಮಳೆಗಾಲದಲ್ಲಿ ಎಷ್ಟು ದಿನ ಕಳಿಸಲಾಗಲಿಲ್ಲ, ಯಾಕೆ? ನಡೆದರೆ ಎಷ್ಟು ನಿಮಿಷ, ದಾರಿಯಲ್ಲಿ ಹೊಳೆ, ಪಾಲ (ಕಾಲುಸೇತುವೆ), ಆನೆ ಓಡಾಟ ಇದೆಯೇ? ಮನೆಯಲ್ಲಿ ಯಾವ ಭಾಷೆ? ಖಾಸಗಿ ಶಾಲೆಗೆ ಕಳಿಸುತ್ತಿದ್ದರೆ ಅದು ಇಂಗ್ಲಿಷ್‌ಗಾಗಿಯೋ, ವ್ಯಾನ್ ಬಾಗಿಲಿಗೆ ಬರುತ್ತದೆಂದೋ, ಸಂಜೆವರೆಗೆ ಇಟ್ಟುಕೊಳ್ಳುತ್ತಾರೆಂದೋ? ಆರು ತಿಂಗಳ ನಂತರವೂ ಇದೇ ಮನೆಯಲ್ಲಿ ಇರುತ್ತೀರಾ? ಮಗುವಿಗೆ ನಡೆಯಲು, ಕೇಳಲು, ಮಾತಾಡಲು ತೊಂದರೆ ಇದೆಯೇ? ಇಷ್ಟು ಸಾಕು. ಹತ್ತು ನಿಮಿಷದಲ್ಲಿ ಮುಗಿಯಬೇಕು. ಆಧಾರ್, ಪಡಿತರ ಚೀಟಿ, ಮತದಾರರ ಚೀಟಿ ಕೇಳಲೇಬಾರದು. ಹೊರ ರಾಜ್ಯದಿಂದ ಬಂದವರು ದಾಖಲೆ ಎಂದ ಕೂಡಲೇ ಬಾಗಿಲು ಹಾಕಿಕೊಳ್ಳುತ್ತಾರೆ, ಎಣಿಕೆಯೇ ಕೆಡುತ್ತದೆ.

ಯಾವಾಗ ಕೇಳಬೇಕು ಎಂಬುದೂ ಅಷ್ಟೇ ಮುಖ್ಯ. ಜೂನ್‌ನಿಂದ ಆಗಸ್ಟ್‌ವರೆಗೆ ಆಗದು. ಮಳೆ ರಜೆ, ಬರೆ (ಗುಡ್ಡದ ಕಡಿದಾದ ಅಂಚು) ಕುಸಿತ, ವಿದ್ಯುತ್ ಇಲ್ಲದ ದಿನಗಳು. ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಶುರುವಾದರೆ ಹಗಲು ಯಾರೂ ಮನೆಯಲ್ಲಿರುವುದಿಲ್ಲ. ಸೆಪ್ಟೆಂಬರ್ ಆರಂಭದ ಕೈಲ್ ಮುಹೂರ್ತ ಹಬ್ಬ ಕಳೆದು ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣದೊಳಗಿನ ಆರು ವಾರ ಮೊದಲ ಎಣಿಕೆಗೆ ಸರಿಯಾದ ಹೊತ್ತು. ಮಳೆ ತಗ್ಗಿರುತ್ತದೆ, ಅಕ್ಟೋಬರ್ 2ರಿಂದ ಶುರುವಾಗುವ ಪಂಚಾಯಿತಿಯ ಅಭಿವೃದ್ಧಿ ಯೋಜನೆ ತಯಾರಿಗೂ ಅಂಕಿ ಸಿಗುತ್ತದೆ. ಎರಡನೇ ಎಣಿಕೆ ಫೆಬ್ರುವರಿಯಲ್ಲಿ, ಲೈನ್‌ಮನೆಗಳಲ್ಲಿ ಮಾತ್ರ, ಸಂಜೆ ಐದರ ಮೇಲೆ. ಎರಡು ಪಟ್ಟಿಗಳ ನಡುವಿನ ವ್ಯತ್ಯಾಸವೇ ಕೊಯ್ಲಿನ ಕಾಲಕ್ಕೆ ಹೆಚ್ಚುವರಿಯಾಗಿ ಬೇಕಾದ ವ್ಯವಸ್ಥೆಯ ಅಳತೆ. ಅದಕ್ಕೆ ಕಾಯಂ ಕಟ್ಟಡ ಬೇಕಿಲ್ಲ, ಮೂರು ತಿಂಗಳ ಕೊಠಡಿ, ಇನ್ನೊಬ್ಬ ಸಹಾಯಕಿ, ಹೆಚ್ಚುವರಿ ಆಹಾರ ಸಾಮಗ್ರಿ ಸಾಕು. ಲೈನ್‌ಮನೆಗೆ ಹೋಗುವ ಮೊದಲು ತೋಟದ ಮಾಲೀಕರಿಗೆ ಪಂಚಾಯಿತಿಯಿಂದ ಪತ್ರ ಹೋಗಬೇಕು, ತೋಟದ ಲೆಕ್ಕ ಬರೆಯುವ ರೈಟರ್ ಮತ್ತು ಮೇಸ್ತ್ರಿಗೆ ಮುಂಚೆ ತಿಳಿಸಬೇಕು. ಆದರೆ ಮಕ್ಕಳ ಸಂಖ್ಯೆಯನ್ನು ರೈಟರ್ ಬಾಯಿಂದ ಬರೆದುಕೊಳ್ಳಬಾರದು. ಅವರ ಪುಸ್ತಕದಲ್ಲಿರುವುದು ಆಳುಗಳ ಲೆಕ್ಕ, ಮಕ್ಕಳದ್ದಲ್ಲ.

ಭಾಷೆಯ ವಿಷಯದಲ್ಲಿ ಕೊಡಗಿನಷ್ಟು ಸೂಕ್ಷ್ಮ ಜಾಗ ಕಡಿಮೆ. ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ಯರವರ ಮಾತು, ಜೇನುಕುರುಬರ ನುಡಿ, ತಮಿಳು, ಈಗ ಹಿಂದಿ, ಬಂಗಾಳಿಯೂ ಇವೆ. ಹಾಡಿಗೆ ಹೊರಗಿನವರು ಕಾಗದ ಹಿಡಿದು ಹೋದರೆ ಜನ ‘ಎಲ್ಲ ಸರಿಯಾಗಿದೆ’ ಎಂದು ಕಳಿಸಿಬಿಡುತ್ತಾರೆ. ಆ ಹಾಡಿಯದೇ ಓದಿದ ಹೆಣ್ಣುಮಗಳು ಜೊತೆಗಿದ್ದರೆ ಮಾತು ಬೇರೆ. ಮುಂದೆ ಕಾರ್ಯಕರ್ತೆ, ಸಹಾಯಕಿಯ ನೇಮಕಾತಿಯಲ್ಲೂ ಅದೇ ಭಾಷೆ ಬಲ್ಲವರಿಗೆ ಆದ್ಯತೆ ಸಿಗಬೇಕು. ಮೂರು ವರ್ಷದ ಮಗು ಮೊದಲ ದಿನ ‘ನೀರು ಬೇಕು’ ಎಂದು ತನ್ನ ಮಾತಲ್ಲಿ ಹೇಳಿದಾಗ ಕೇಳಿಸಿಕೊಳ್ಳುವವರು ಅಲ್ಲಿರಬೇಕು.

ಹೀಗೆ ಕೇಳಿದಾಗ ಎದ್ದು ಬರುವ ಬೇಡಿಕೆ ಹೊಸ ಕಟ್ಟಡಕ್ಕಿಂತ ಹೆಚ್ಚಾಗಿ ಸಮಯದ್ದು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ತೋಟದ ಕೆಲಸ ಬೆಳಿಗ್ಗೆ ಎಂಟರ ಹೊತ್ತಿಗೆ ಶುರು. ಅಂಗನವಾಡಿ ತೆರೆಯುವುದು ಒಂಬತ್ತೂವರೆಗೆ, ಮುಚ್ಚುವುದು ನಾಲ್ಕಕ್ಕೆ. ಆ ಒಂದೂವರೆ ಗಂಟೆ ಮಗುವನ್ನು ನೋಡಿಕೊಳ್ಳುವುದು ಏಳೆಂಟು ವರ್ಷದ ಅಕ್ಕ. ಅವಳ ಶಾಲೆ ತಪ್ಪುತ್ತದೆ. ಇಲ್ಲವೇ ತಾಯಿ ಮಗುವನ್ನು ಕಾಫಿ ಗಿಡದ ಬುಡಕ್ಕೆ ಕರೆದೊಯ್ಯುತ್ತಾಳೆ. 1951ರ ತೋಟ ಕಾರ್ಮಿಕರ ಕಾಯ್ದೆ, 50 ಮಹಿಳೆಯರು ದುಡಿಯುವ ಅಥವಾ ಅವರ ಮಕ್ಕಳ ಸಂಖ್ಯೆ 20 ಮುಟ್ಟುವ ತೋಟದಲ್ಲಿ ಮಾಲೀಕರೇ ಶಿಶುಪಾಲನಾ ಕೊಠಡಿ ನಡೆಸಬೇಕೆಂದಿತ್ತು. ಗುತ್ತಿಗೆಯಲ್ಲಿ ಬಂದವರೂ ಲೆಕ್ಕಕ್ಕೆ ಸೇರುತ್ತಿದ್ದರು. 2020ರ ಹೊಸ ಕಾರ್ಮಿಕ ಸಂಹಿತೆಯಲ್ಲೂ 50 ಕಾರ್ಮಿಕರ ಗೆರೆ ಇದೆ. ಕೊಡಗಿನ ಹೆಚ್ಚಿನ ತೋಟಗಳು ಸಣ್ಣವು, ಆ ಗೆರೆ ಮುಟ್ಟುವುದೇ ಇಲ್ಲ. ಹತ್ತು ಸಣ್ಣ ತೋಟಗಳು ಸೇರಿದ ಕಡೆ ಮಕ್ಕಳು ಮೂವತ್ತಿದ್ದರೂ ಯಾವ ಮಾಲೀಕರಿಗೂ ಕಾನೂನಿನ ಹೊಣೆ ಬರದು. ಈ ಖಾಲಿ ಜಾಗ ತುಂಬಬೇಕಾದವರು ಪಂಚಾಯಿತಿಯವರೇ. ಮೂರು ವರ್ಷದೊಳಗಿನವರಿಗೆ ಪಂಚಾಯಿತಿಯ ಶಿಶುಪಾಲನಾ ಕೇಂದ್ರವಾದ ‘ಕೂಸಿನ ಮನೆ’ ಇದೆ. ಅದನ್ನು ಉದ್ಯೋಗ ಖಾತರಿ ಕೂಲಿ ಮಾಡುವ ತಾಯಂದಿರಿಗೆಂದು ರೂಪಿಸಲಾಯಿತು, ಇಲ್ಲಿ ಅಗತ್ಯ ಇರುವುದು ತೋಟದ ಕೂಲಿಯವರಿಗೆ. ಕೇಂದ್ರದ ‘ಪಾಲ್ನಾ’ ಯೋಜನೆಯಡಿ ಅಂಗನವಾಡಿಯಲ್ಲೇ ಆರು ತಿಂಗಳಿಂದ ಆರು ವರ್ಷದವರೆಗಿನ ಮಕ್ಕಳ ಪಾಲನೆಗೆ ಅವಕಾಶವಿದೆ. ಸಮೀಕ್ಷೆಯಲ್ಲಿ ‘ಎಂಟು ಗಂಟೆಗೆ ಯಾರೂ ಇಲ್ಲ’ ಎಂಬ ಉತ್ತರ ಎಲ್ಲಿ ಹೆಚ್ಚು ಬರುತ್ತದೋ ಅಲ್ಲಿಗೆ ಇದನ್ನು ಕೇಳಬೇಕು. ಹಾಗೆಂದು ಇರುವ ಕಾರ್ಯಕರ್ತೆಗೇ ಬೆಳಿಗ್ಗೆ ಏಳೂವರೆಗೆ ಬಾ ಎನ್ನುವುದು ಅನ್ಯಾಯ. ಅದಕ್ಕೆ ಬೇರೆ ಜನ, ಬೇರೆ ಗೌರವಧನ ಬೇಕು. ಸಿದ್ದಾಪುರ, ಅಮ್ಮತ್ತಿ, ತಿತಿಮತಿ ಕಡೆ ಬೆಳಗಿನ ಹೊತ್ತು ಆನೆ ರಸ್ತೆಯಲ್ಲಿರುತ್ತದೆ. ಅಲ್ಲಿ ಬೇಗ ತೆರೆಯುವುದಾದರೆ ಕೇಂದ್ರ ಲೈನ್‌ಮನೆಯ ಪಕ್ಕದಲ್ಲೇ ಇರಬೇಕು, ಇಲ್ಲವೇ ಜೀಪ್ ವ್ಯವಸ್ಥೆ ಆಗಬೇಕು.

ಜಾಗದ ಪ್ರಶ್ನೆ ಕೊಡಗಿನಲ್ಲಿ ಯಾವಾಗಲೂ ಕಗ್ಗಂಟು. ಜಮ್ಮಾ, ಬಾಣೆ, ಪೈಸಾರಿ, ಸಿ ಮತ್ತು ಡಿ ಎಂಬ ಜಮೀನಿನ ಬಗೆಗಳಲ್ಲಿ ಇದು ಯಾವುದು ಎಂದು ಕಡತ ಅಲೆಯುವಷ್ಟರಲ್ಲಿ ಅನುದಾನದ ವರ್ಷ ಮುಗಿಯುತ್ತದೆ. ಆದ್ದರಿಂದ ಸಮೀಕ್ಷೆ ನಡೆಯುವಾಗಲೇ ಪ್ರತಿ ವಾರ್ಡಿನಲ್ಲಿ ಎರಡು ಜಾಗ ಗುರುತಿಸಿ, ಪಹಣಿ ತೆಗೆಸಿ, ಭೂಮಾಪಕರಿಂದ ಅಳತೆ ಮಾಡಿಸಿಡಬೇಕು. ಕಾಡಂಚಿನ ಹಾಡಿಗಳಿಗೆ ‘ಅರಣ್ಯ ಇಲಾಖೆ ಬಿಡುವುದಿಲ್ಲ’ ಎಂಬ ಮಾತು ಪೂರ್ಣ ಸತ್ಯವಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ ಕಲಂ 3(2)ರ ಪ್ರಕಾರ ಅಂಗನವಾಡಿಗೆ ಒಂದು ಹೆಕ್ಟೇರ್‌ಗಿಂತ ಕಡಿಮೆ ಅರಣ್ಯ ಜಾಗ ಕೊಡಬಹುದು. ಹೆಕ್ಟೇರ್‌ಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿರಬಾರದು, ಗ್ರಾಮಸಭೆಯ ಶಿಫಾರಸು ಇರಬೇಕು. ಆ ಶಿಫಾರಸಿನ ನಿರ್ಣಯವನ್ನು ಸಮೀಕ್ಷೆಯ ನಂತರದ ಗ್ರಾಮಸಭೆಯಲ್ಲೇ ಮಾಡಿಬಿಡಬಹುದು. ಮಕ್ಕಳಿಲ್ಲದೆ ಮುಚ್ಚಿದ ಸರ್ಕಾರಿ ಶಾಲೆಯ ಕೊಠಡಿಗಳೂ ಒಳ್ಳೆಯ ಆಯ್ಕೆ, ಪಟ್ಟಿಯಲ್ಲಿರುವ ಮಕ್ಕಳ ಮನೆಗೆ ಹತ್ತಿರವಿದ್ದರೆ ಮಾತ್ರ. ಹತ್ತಿರ ಎಂಬುದನ್ನು ನಕ್ಷೆಯಲ್ಲಿ ಅಳೆಯಬೇಡಿ. ಅರ್ಧ ಕಿಲೋಮೀಟರ್ ಏರುದಾರಿ ಜುಲೈ ಮಳೆಯಲ್ಲಿ ಮೂರು ವರ್ಷದ ಮಗುವಿಗೆ ಅರ್ಧ ಗಂಟೆ.

ಕಟ್ಟಡದ ಬಗ್ಗೆ ಒಂದಿಷ್ಟು. ಕನಿಷ್ಠ 600 ಚದರ ಅಡಿ, ಬೇರೆ ಅಡುಗೆಮನೆ, ದಾಸ್ತಾನು ಕೋಣೆ, ಮಕ್ಕಳ ಅಳತೆಯ ಶೌಚಾಲಯ ಎಂಬುದು ನಿಯಮ. ಪೋಷಣ್ 2.0 ಮಾರ್ಗಸೂಚಿಯಲ್ಲಿ ಕಟ್ಟಡಕ್ಕೆ ಇಟ್ಟಿರುವುದು 12 ಲಕ್ಷ ರೂಪಾಯಿ. ಬಯಲುಸೀಮೆಯಲ್ಲಿ ಸಾಕಾಗಬಹುದಾದ ಈ ಹಣ ಇಲ್ಲಿ ತಡೆಗೋಡೆಗೇ ಒಂದಷ್ಟು ಹೋಗುತ್ತದೆ. ಗುಡ್ಡ ನೇರವಾಗಿ ಕಡಿದು ಸಮತಟ್ಟು ಮಾಡಿದ ಜಾಗದಲ್ಲಿ, ಬರೆಯ ಬುಡದಲ್ಲಿ, ಅಂಗನವಾಡಿ ಕಟ್ಟಲೇಬಾರದು. ಚಪ್ಪಟೆ ಆರ್‌ಸಿಸಿ ಚಾವಣಿ ಇಲ್ಲಿಗೆ ಒಗ್ಗದು. ಎಲೆ ಬಿದ್ದು ನೀರಿನ ಕೊಳವೆ ಕಟ್ಟಿಕೊಂಡರೆ ಪ್ಯಾರಾಪೆಟ್ ಒಳಗೆ ನೀರು ನಿಂತು ಒಂದೆರಡು ಮಳೆಗಾಲದಲ್ಲೇ ಗೋಡೆ ಒಸರುತ್ತದೆ, ಆಮೇಲೆ ಅದರ ಮೇಲೆ ಶೀಟ್ ಹೊದಿಸುವ ಖರ್ಚು ಬೇರೆ. ಮೊದಲೇ ಇಳಿಜಾರು ಚಾವಣಿ ಮಾಡಬೇಕು. ಬರೀ ಶೀಟ್ ಹಾಕಿದರೆ ಮಳೆಯ ಸದ್ದಿಗೆ ಕಾರ್ಯಕರ್ತೆಯ ದನಿ ಕೇಳದು, ಕೆಳಗೊಂದು ಸೀಲಿಂಗ್ ಬೇಕು. ಬಾಗಿಲು ಪಶ್ಚಿಮಕ್ಕೆ ಬೇಡ, ಇರಚಲು ಹೊಡೆಯುತ್ತದೆ. ಆರು ಅಡಿ ಜಗಲಿ, ಅಲ್ಲಿ ಒದ್ದೆ ಕೊಡೆ, ರೈನ್‌ಕೋಟ್ ತೂಗುಹಾಕಲು ಮಕ್ಕಳ ಎತ್ತರಕ್ಕೆ ಮೊಳೆ, ಜಿಗಣೆ ನೋಡಿ ಕಾಲು ತೊಳೆಸಲು ಒಂದು ನಲ್ಲಿ ಇರಲಿ. ಅಕ್ಕಿ, ಪೌಷ್ಟಿಕ ಆಹಾರದ ಚೀಲಗಳನ್ನು ನೆಲದಿಂದ ಅರ್ಧ ಅಡಿ ಮೇಲೆ ಹಲಗೆಯ ಮೇಲಿಟ್ಟು ಗೋಡೆಯಿಂದ ದೂರವಿಡಬೇಕು, ಇಲ್ಲವಾದರೆ ಜುಲೈ ಹೊತ್ತಿಗೆ ಬೂಷ್ಟು ಹಿಡಿಯುತ್ತದೆ. ಆನೆ ಓಡಾಡುವ ಕಡೆ ದಾಸ್ತಾನು ಕೋಣೆ ಹಲಸಿನ ಮರದ ಹತ್ತಿರ ಇರಬಾರದು. ಕಾರ್ಯಕರ್ತೆಯನ್ನು ಕೇಳದೆ ನಕ್ಷೆ ಬರೆಯುವ ಎಂಜಿನಿಯರ್‌ಗಳಿಗೆ ಇವು ಹೊಳೆಯುವುದಿಲ್ಲ. ಆದ್ದರಿಂದ ನಕ್ಷೆ ಅಂತಿಮವಾಗುವ ಮೊದಲು ಅಂಗನವಾಡಿಯ ಬಾಲವಿಕಾಸ ಸಮಿತಿಯ ಮುಂದೆ ಇಡಬೇಕು.

ಕೊನೆಯದಾಗಿ, ಕೇಳಿದವರಿಗೆ ಉತ್ತರ ಹೋಗಬೇಕು. ಎಣಿಕೆ ಮುಗಿದ ಒಂದು ತಿಂಗಳೊಳಗೆ ವಾರ್ಡ್‌ವಾರು ಮಕ್ಕಳ ಸಂಖ್ಯೆ, ಮಾರ್ಚ್ ತಿಂಗಳ ಅಂದಾಜು, ಬೆಳಿಗ್ಗೆ ಎಂಟಕ್ಕೆ ಆರೈಕೆ ಇಲ್ಲದ ಮಕ್ಕಳ ಸಂಖ್ಯೆ, ಗುರುತಿಸಿದ ಜಾಗ ಇಷ್ಟನ್ನೂ ಹೆಸರುಗಳಿಲ್ಲದೆ ಪಂಚಾಯಿತಿ ಫಲಕದಲ್ಲಿ, ಅಂಗನವಾಡಿ ಗೋಡೆಯ ಮೇಲೆ, ನ್ಯಾಯಬೆಲೆ ಅಂಗಡಿಯ ಮುಂದೆ ಅಂಟಿಸಬೇಕು. ಬಿಟ್ಟುಹೋದ ಮಗುವಿದ್ದರೆ ಸೇರಿಸಲು 15 ದಿನ ಕೊಡಬೇಕು. ಮುಂದಿನ ಗ್ರಾಮಸಭೆಯಲ್ಲಿ ಯಾವ ಬೇಡಿಕೆ ಯಾವ ಅನುದಾನಕ್ಕೆ ಹೋಯಿತು, ಯಾವುದು ಇಲಾಖೆಗೆ ಹೋಯಿತು, ಯಾವುದನ್ನು ಯಾಕೆ ಬಿಡಲಾಯಿತು ಎಂದು ಅಭಿವೃದ್ಧಿ ಅಧಿಕಾರಿ ಓದಿ ಹೇಳಿ ನಡಾವಳಿಯಲ್ಲಿ ಬರೆಸಬೇಕು. ಎಣಿಸಲು ಹೋದ ಅಂಗನವಾಡಿ, ಆಶಾ ಕಾರ್ಯಕರ್ತೆಯರಿಗೆ ಮನೆಗಿಷ್ಟು ಎಂದು ಹಣ ನಿಗದಿಪಡಿಸಿ ಪಂಚಾಯಿತಿಯ ಸ್ವಂತ ಸಂಪನ್ಮೂಲದಿಂದ ಕೊಡಬೇಕು. ಈ ವರ್ಷದ ಕೈಲ್ ಮುಹೂರ್ತಕ್ಕೆ ಮೊದಲು ಪ್ರಶ್ನೆಪಟ್ಟಿ ಮುದ್ರಣವಾಗಿ, ಪಂಚಾಯತ್ ರಾಜ್, ಆರೋಗ್ಯ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಈ ಮೂರೂ ಇಲಾಖೆಯವರ ಜಂಟಿ ಸಭೆಯ ದಿನಾಂಕ ಗೊತ್ತಾಗಲಿ ಎಂದು ಜಿಲ್ಲಾ ಪಂಚಾಯಿತಿಯನ್ನು ಕೋರುತ್ತೇವೆ.

ಇಂತಿ,
ಅಂಗನವಾಡಿ ಮತ್ತು ಪಂಚಾಯಿತಿ ಕೆಲಸವನ್ನು ಹತ್ತಿರದಿಂದ ಬಲ್ಲ ಕೆಲವರು,
ಕೊಡಗು